ಅತ್ತೆಯ ದನಿ, ನಮ್ಮಿಬ್ಬರ ಹಾಡು

ಬೇರೆಯವರ ನಾಚಿಕೆಗಳು ಸದ್ದಿಲ್ಲದೆ ಇರುತ್ತವೆ. ಯಾರದೋ ಮದುವೆಗೆ ಹೋಗಿ ಇನ್ನಾರದೋ ಚಪ್ಪಲಿ ಮೆಟ್ಟಿಕೊಂಡು ಬಂದದ್ದು, ಬೀಗರ ಹೆಸರು ಮರೆತು ತಡವರಿಸಿದ್ದು, ಇಂಥವು ನೆನಪಾದಾಗ ಬಚ್ಚಲಲ್ಲಿ ಒಬ್ಬರೇ ‘ಛೇ’ ಎಂದುಕೊಂಡು ಎರಡು ತಂಬಿಗೆ ನೀರು ಹೆಚ್ಚಿಗೆ ಸುರಿದುಕೊಂಡರೆ ಮುಗಿಯಿತು. ನನ್ನ ನಾಚಿಕೆ ಅಂಥದ್ದಲ್ಲ. ಅದು ಟೆಂಪೋದ ಮೇಲೆ ಆಳೆತ್ತರದ ಸ್ಪೀಕರುಗಳನ್ನು ಪೇರಿಸಿಕೊಂಡು, ಬಣ್ಣಬಣ್ಣದ ದೀಪ ಹಾಕಿಕೊಂಡು, ನನ್ನ ಅಂಗಡಿಯ ಗಾಜು ನಡುಗಿಸುತ್ತ ಮೆರವಣಿಗೆ ಹೋಗುತ್ತದೆ. ಅದರ ಮುಂದೆ ಹುಡುಗರು ಅಂಗಿ ಬಿಚ್ಚಿ ಕುಣಿಯುತ್ತಾರೆ. ಆಗ ನಾನು ಗಿರಾಕಿಯ ಮೂಗಿನ ಮೇಲೆ ಅರ್ಧ ಕೂರಿಸಿದ ಕನ್ನಡಕವನ್ನು ಅಲ್ಲೇ ಬಿಟ್ಟು ಒಳಕೋಣೆಗೆ ಹೋಗಿ, ಸದ್ದು ದೂರವಾಗುವವರೆಗೆ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಗಿರಾಕಿಗಳು ನನಗೆ ಏನೋ ಕಾಯಿಲೆ ಎಂದು ತಿಳಿದಿದ್ದಾರೆ. ಹಾಗೆಯೇ ತಿಳಿದುಕೊಳ್ಳಲಿ.

ನಾನು ಸಂಗಮೇಶ. ಬೀದರಿನಲ್ಲಿ ಚೌಬಾರಾ ಗೋಪುರದಿಂದ ತುಸು ಕೆಳಗಿಳಿದರೆ ನನ್ನ ಕನ್ನಡಕದ ಅಂಗಡಿ. ಅದರ ಪಕ್ಕದ್ದು ಮೊಯಿಜನದು. ಅವನು ಮಿಕ್ಸರು, ಫ್ಯಾನು, ಕೂಲರು ರಿಪೇರಿ ಮಾಡುತ್ತಾನೆ. ಹರೆಯದಲ್ಲಿ ಮದುವೆಗಳ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು. ಡಿಜೆಗಳು ಬಂದ ಮೇಲೆ ಆರ್ಕೆಸ್ಟ್ರಾ ಚೆದುರಿತು, ಕೀಬೋರ್ಡ್ ಅಟ್ಟ ಹತ್ತಿತು, ಮೊಯಿಜ ಮಿಕ್ಸರುಗಳ ಪಾಲಾದ. ನಮ್ಮಿಬ್ಬರ ನಡುವೆ ಒಂದೇ ಒಂದು ತೆಳು ಗೋಡೆ. ನಾನು ಈಚೆ ಗಿರಾಕಿಯಿಂದ ಅಕ್ಷರ ಓದಿಸುತ್ತಿದ್ದರೆ ಆಚೆ ಮಿಕ್ಸರು ಕಿರುಚುತ್ತಿತ್ತು. ಒಂದು ದಿನ ಜಗಳಕ್ಕೆಂದೇ ಹೋದೆ. ಅವನು ನನ್ನ ಕೈಹಿಡಿದು ಕೂರಿಸಿ, “ಸಿಟ್ಟು ಆಮೇಲೆ ಮಾಡು ಭೈ, ಮದಲ ಕೇಳು. ಇದು ಮಿಕ್ಸರ್ ಅಲ್ಲ, ಸುರ್ ಅದಾ. ಪಂಚಮದಾಗ ಅಳ್ಲಾಕತ್ತದ” ಎಂದ. ಕೇಳಿದೆ. ಖರೆಯೆಂದರೆ ಅಳುತ್ತಿತ್ತು. ಶಾಲೆಯಲ್ಲಿ ಪ್ರಾರ್ಥನೆಗೆ ಹಾರ್ಮೋನಿಯಂ ಬಾರಿಸಿದ ನನ್ನ ಹಳೆಯ ಹುಚ್ಚು ಅಲ್ಲಿಯೇ ಎದ್ದು ಕೂತಿತು.

ಸ್ವಲ್ಪ ದಿನದಲ್ಲೇ ಮೊಯಿಜ ಹೈದರಾಬಾದಿನಿಂದ ಹಳೆಯದೊಂದು ಸ್ಯಾಂಪ್ಲರ್ ಹೊತ್ತು ತಂದ. ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ, ಮೇಲೆ ಚೌಕ ಚೌಕ ರಬ್ಬರಿನ ಗುಂಡಿಗಳು. ಲೋಕದ ಯಾವ ಸದ್ದನ್ನಾದರೂ ಹಿಡಿದು ಅದರೊಳಗೆ ಹಾಕಿದರೆ, ಗುಂಡಿ ಒತ್ತಿದಾಗೆಲ್ಲ ಅದು ಹೊರಗೆ ಬರುತ್ತದೆ. ಕತ್ತರಿಸಬಹುದು, ಎಳೆಯಬಹುದು, ತಿರುಗಿಸಿ ಮುರುಗಿಸಿ ತಾಳಕ್ಕೆ ಕೂರಿಸಬಹುದು. ನಾವು ಓಣಿಯ ಸದ್ದುಗಳನ್ನೆಲ್ಲ ಹಿಡಿಯತೊಡಗಿದೆವು. ಬಿದರಿ ಕೆಲಸದವರ ಉಳಿಯ ಟಿಕಿಟಿಕಿ, ದರ್ಜಿಯ ಮಷಿನ್ನು, ಸೋಡಾ ಬಾಟ್ಲಿ ಬಿಚ್ಚುವುದು, ಅಂಗಡಿಯ ಶಟರ್ ಎಳೆಯುವುದು. “ಇಂಥಾ ಸಂಗೀತ ಮಾಡೋದ್ರಾಗ ಜಿಲ್ಲಾಕ್ಕ ನಾವೇ ಫಸ್ಟ್” ಎಂದು ಮೊಯಿಜ ಘೋಷಿಸಿದ. ಎರಡನೆಯವರು ಯಾರೂ ಮುಂದೆ ಬರದಿದ್ದರಿಂದ ಆ ಸ್ಥಾನಕ್ಕೆ ತಕರಾರು ಬರಲಿಲ್ಲ.

ಕಲಾಜೀವನದ ಮೊದಲ ಪೆಟ್ಟು ಮನೆಯಲ್ಲೇ ಬಿತ್ತು. ಕುಕ್ಕರಿನ ಸೀಟಿಯನ್ನು ಯಂತ್ರದಲ್ಲಿ ಹಿಡಿದುಕೊಂಡು ಬಂದು ಪಡಸಾಲೆಯಲ್ಲಿ ಕೂತು ಅದನ್ನು ತಾಳಕ್ಕೆ ಹೊಂದಿಸುತ್ತಿದ್ದೆ. ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುತ್ತಿದ್ದ ನನ್ನ ಹೆಂಡತಿ ಸುವರ್ಣಾ ಮೂರು ಸೀಟಿ ಎಣಿಸಿ ಬಂದು ಒಲೆ ಆರಿಸಿದಳು. ಆ ದಿನ ಊಟಕ್ಕೆ ಬಂದಿದ್ದ ಬೀಗರು ಕಲ್ಲಿನಂಥ ಬೇಳೆಯನ್ನು ಮರ್ಯಾದೆಯಿಂದ ಕಟಕಟ ಅಗಿದರು. ಅವರು ಹೋದ ಮೇಲೆ ಸುವರ್ಣಾ, “ನೀವಿಬ್ರೂ ಕೂಡಿ ಏನರೇ ಮಾಡ್ಕೋರಿ. ನನ್ನ ಕುಕ್ಕರಿನ ತಂಟಿಗಿ ಬರಬ್ಯಾಡ್ರಿ” ಎಂದಳು. ಬೀಗರು ಕೇಳಿಸಿಕೊಳ್ಳಲಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಂಡೆ. ಆದರೆ ಮೊಯಿಜ ಅಗಿಯುವ ಆ ಕಟಕಟವನ್ನೂ ಹಿಡಿಯಬೇಕಾಗಿತ್ತು ಎಂದು ಪೇಚಾಡಿದ.

ಎರಡನೆಯದು ಸಾರ್ವಜನಿಕವಾಗಿಯೇ ಆಯಿತು. ಭಾಲ್ಕಿಯ ಒಂದು ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ನಮಗೆ ಸ್ವಲ್ಪ ಹೊತ್ತು ವೇದಿಕೆ ಸಿಕ್ಕಿತು. ಕಿರುಗುಡುವ ಫ್ಯಾನು, ಉಳಿ, ಶಟರು ಎಲ್ಲ ಕೂಡಿಸಿ ಕಟ್ಟಿದ್ದೆವು. ಇಬ್ಬರೂ ಕಣ್ಣು ಮುಚ್ಚಿ ತಲೆ ತೂಗುತ್ತಿದ್ದೆವು. ವೈರು ಸಡಿಲಾಗಿ ಸ್ಪೀಕರು ಒದರುತ್ತಿದೆ ಎಂದುಕೊಂಡ ಮೈಕಿನವನು ಓಡಿಬಂದು ಪ್ಲಗ್ ಕಿತ್ತ. ಸಭೆ ಅವನಿಗೆ ಚಪ್ಪಾಳೆ ತಟ್ಟಿತು. ಹೆಡ್‌ಮಾಸ್ತರರು ಮೈಕ್ ಹಿಡಿದು, “ತಾಂತ್ರಿಕ ತೊಂದರೆಗಾಗಿ ಕ್ಷಮೆ ಇರಲಿ. ಕಲಾವಿದರು ಈಗ ತಮ್ಮ ಕಾರ್ಯಕ್ರಮ ಶುರು ಮಾಡುತ್ತಾರೆ” ಎಂದರು. ನಮ್ಮ ಕಾರ್ಯಕ್ರಮ ಆಗ ತಾನೇ ಮುಗಿಯುವುದರಲ್ಲಿತ್ತು.

ಭಾಲ್ಕಿಯಿಂದ ಬೀದರಿಗೆ ಬರುವ ಬಸ್ಸಿನಲ್ಲಿ ಮೊಯಿಜ ಸ್ಯಾಂಪ್ಲರಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಆಮೇಲೆ, “ಭೈ, ನಮ್ಮ ಮ್ಯೂಸಿಕ್‌ದಾಗ ಎಲ್ಲಾ ಸಾಮಾನ ಅದಾವ, ಮನಷ್ಯಾರೇ ಇಲ್ಲ. ಒಂದು ಗಲಾ ಬೇಕು, ದನಿ ಬೇಕು. ಕೇಳಿದವ್ರು ನಿಂತಲ್ಲೇ ನಿಂತುಬಿಡೋ ಅಂಥಾ ಗಲಾ” ಎಂದ. ನನಗೆ ತಟ್ಟನೆ ನೆನಪಾದದ್ದು ನಮ್ಮ ಮಾಣಿಕಮ್ಮ ಅತ್ತೆ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಔರಾದ್ ಕಡೆಯ ಹಳ್ಳಿಯಲ್ಲಿ ಅವಳ ಮನೆ, ಹೊಲ, ದೊಡ್ಡಿ ತುಂಬ ಕುರಿ. ಮಾವ ತೀರಿಕೊಂಡ ಮೇಲೂ ಕುರಿಗಳನ್ನು ಮಾರದೆ ತಾನೇ ನೋಡಿಕೊಂಡವಳು. ಸಣ್ಣವನಿದ್ದಾಗ ರಜೆಯೆಲ್ಲ ಅವಳ ಸೆರಗು ಹಿಡಿದೇ ಕಳೆದಿದ್ದೇನೆ. ಅವಳ ದನಿಯ ವಿಷಯ ಏನು ಹೇಳಲಿ. ಅವಳ ಫೋನು ಬಂದರೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಕಿವಿಗೆ ಹಚ್ಚಿಕೊಳ್ಳುವುದಿಲ್ಲ. ಮೇಜಿನ ಮೇಲಿಟ್ಟು ಸುತ್ತ ಕೂತು ಕೇಳುತ್ತೇವೆ. ಸಂಜೆ ಅವಳು ಹೊಲದ ಒಡ್ಡಿನ ಮೇಲೆ ನಿಂತು ಕುರಿ ಕರೆದರೆ ಗುಡ್ಡದ ಆಚೆ ಮೇಯುವ ಕುರಿಯೂ ಬಾಯಲ್ಲಿನ ಹುಲ್ಲು ಬಿಟ್ಟು ಓಡಿಬರುತ್ತದೆ.

ತೊಗರಿ ರಾಶಿ ಮುಗಿದ ಮೇಲೆ ಮೊಯಿಜನನ್ನು ಕರೆದುಕೊಂಡು ಹೋದೆ. ಅತ್ತೆ ಜೋಳದ ರೊಟ್ಟಿ, ಝುಣಕ, ಮೊಸರು ಇಟ್ಟು, ಅವನ ಮನೆಯವರ ಆರೋಗ್ಯವನ್ನೆಲ್ಲ ವಿಚಾರಿಸಿಕೊಂಡಳು. ಸಂಜೆ ಒಡ್ಡು ಹತ್ತಿ, ಸೊಂಟದ ಮೇಲೆ ಕೈಯಿಟ್ಟು, “ಹೊ...ರ್‍ರ್‍ರ್ಯಾ! ಹೊರ್‍ರ್ಯಾ ಬಾ ಬಾ ಬಾ ಬಾ!” ಎಂದಳು. ಆ ದನಿ ಮೊದಲು ಕೆಳಗೆ ನೆಲದ ಮೇಲೆ ಉರುಳಿ, ಆಮೇಲೆ ಒಮ್ಮೆಲೇ ಎದ್ದು ಗುಡ್ಡಕ್ಕೆ ಬಡಿದು ವಾಪಸು ಬಂತು. ಮೊಯಿಜನ ಕೈಮೇಲಿನ ಕೂದಲು ನಿಂತಿದ್ದವು. ಅವನು ಫೋನು ತೆಗೆದು ಅವಳ ಕಡೆ ಹಿಡಿದ.

“ಯಾಕೋ ಸಂಗ್ಯಾ, ಇವಾ ಏನ್ ಮಾಡ್ಲಾಕತ್ತಾನ?” ಎಂದಳು ಅತ್ತೆ.

“ನೆನಪಿಗಿ ಇರ್ಲಿ ಅಂತ ತಗೀಲಾಕತ್ತಾನ ಅತ್ತಿ” ಎಂದೆ.

ಅವಳು ಫೋಟೊ ಎಂದುಕೊಂಡಳು. ಸೆರಗು ಸರಿಪಡಿಸಿಕೊಂಡು, ಕುಂಕುಮ ಅಳಿಸಿದ ಹಣೆಯನ್ನು ಅಂಗೈಯಿಂದ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ನಮಗಾಗಿ ಇನ್ನೊಮ್ಮೆ ಕರೆದಳು. ಫೋಟೊ ಅಲ್ಲ ಅತ್ತಿ ಎಂದು ಹೇಳಲು ಎರಡು ಮಾತು ಸಾಕಿತ್ತು. ಆ ಎರಡು ಮಾತು ನನ್ನ ಬಾಯಿಂದ ಬರಲಿಲ್ಲ.

‘ಹೊರ್‍ರ್ಯಾ’ ಹಾಡು ಅಂಗಡಿಯ ಒಳಕೋಣೆಯಲ್ಲಿ ಹುಟ್ಟಿತು. ಉಳಿಯ ಟಿಕಿಟಿಕಿ ಕೆಳಗೆ, ಶಟರಿನ ಗುಡುಗು ನಡುನಡುವೆ, ಮೇಲೆ ಅತ್ತೆ. ಅದೇ ವಾರ ಭಾಲ್ಕಿಯ ಬಾಲಾಜಿ ಎಂಬ ಡಿಜೆ ಹುಡುಗ ತನ್ನ ತಂದೆಗೆ ಕನ್ನಡಕ ಮಾಡಿಸಲು ಬಂದಿದ್ದ. ಒಳಗಿನಿಂದ ಬಂದ ಹಾಡು ಕೇಳಿ ಅವನ ಕಾಲು ನಿಲ್ಲಲಿಲ್ಲ. ಫೋನಿಗೆ ಹಾಕಿಸಿಕೊಂಡು ಹೋದ. ಆ ಮದುವೆ ಸೀಜನ್ನಿನಲ್ಲಿ ಹಾಡು ಭಾಲ್ಕಿ ದಾಟಿತು, ಔರಾದ್ ದಾಟಿತು, ಕಮಲನಗರ ಮುಟ್ಟಿತು. ಕಮಲನಗರದವರು ಅದನ್ನು ಮರಾಠಿ ಎಂದರು, ಭಾಲ್ಕಿಯ ಕೆಲವರು ತೆಲುಗು ಎಂದರು, ಒಬ್ಬ ಪಂಡಿತರು ಯಾವುದೋ ಮಂತ್ರದ ಅಪಭ್ರಂಶ ಎಂದರಂತೆ. ನಾನು ವಿಸಿಟಿಂಗ್ ಕಾರ್ಡಿನ ಹಿಂಬದಿಗೆ ‘ಸಂಗೀತ ಸಂಯೋಜಕರು’ ಎಂದು ಅಚ್ಚು ಹಾಕಿಸಿದೆ. ಈಗಲೂ ಆ ಕಾರ್ಡುಗಳ ಕಟ್ಟು ಇದೆ. ಕನ್ನಡಕ ಒರೆಸಿದ ಮೇಲೆ ಕೈ ಒರೆಸಿಕೊಳ್ಳಲೂ ಬಾರದಷ್ಟು ನುಣುಪು.

ಮುಂದೆ ಅತ್ತೆಯ ಊರಲ್ಲೇ ನಮ್ಮ ಬಳಗದ ಹುಡುಗನ ಮದುವೆ ಬಂತು. ಬಾಲಾಜಿಯ ಡಿಜೆಯೇ ಬಂದಿತ್ತು. ನಮ್ಮಿಬ್ಬರಿಗೆ ಟೆಂಪೋದಲ್ಲಿ ಡ್ರೈವರನ ಪಕ್ಕ ಗೌರವದ ಆಸನ. ಆ ಊರಲ್ಲಿ ಆ ಹಾಡು ಬೇಡ ಎಂದು ಹೇಳಬಹುದಿತ್ತು. ಆದರೆ ಬಳಗದವರೆಲ್ಲ ನೋಡುತ್ತಿದ್ದರು, ನನಗೂ ತೋರಿಸಿಕೊಳ್ಳಬೇಕಿತ್ತು. ಹೊತ್ತು ಇಳಿಯುತ್ತಿರುವಾಗ ಮೆರವಣಿಗೆ ಊರಬಾಗಿಲ ಅಗಸಿಯ ಹತ್ತಿರ ಬಂತು. ಬಾಲಾಜಿ ‘ಹೊರ್‍ರ್ಯಾ’ ಹಚ್ಚಿದ.

ಮೊದಲು ಧೂಳು ಕಂಡಿತು. ಆಮೇಲೆ ಧೂಳಿನೊಳಗಿಂದ ಕುರಿಗಳು ಕಂಡವು. ಮೇವಿನಿಂದ ಮನೆಗೆ ಹೊರಟಿದ್ದ ಅತ್ತೆಯ ಹಿಂಡು, ತನ್ನ ಒಡತಿ ಇಷ್ಟು ಜೋರಾಗಿ ಎಂದೂ ಕರೆದಿಲ್ಲ ಎಂಬ ಗಾಬರಿಯಲ್ಲಿ, ಮೆರವಣಿಗೆಯೊಳಕ್ಕೆ ನುಗ್ಗಿತು. ಕುಣಿಯುವವರ ಕಾಲ ಸಂದಿಯಲ್ಲಿ ಕುರಿ, ಹೆಂಗಸರ ಆರತಿ ತಟ್ಟೆಯ ಅಕ್ಕಿಗೆ ಬಾಯಿ ಹಾಕುವ ಕುರಿ, ಮದುಮಗನ ಬಾಸಿಂಗದಿಂದ ಉದುರಿದ ಹೂವನ್ನು ಜಗಿಯುವ ಟಗರು. ಮದುಮಗನನ್ನು ಹೊತ್ತ ಕುದುರೆ ಬೆದರಿ ಹಿಂದೆ ಸರಿದಾಗ ಅವನು ಇಳಿದು ತನ್ನ ಮಾವನ ಹೆಗಲಿಗೆ ಜೋತುಬಿದ್ದ. ಕೊನೆಗೆ ಕುರಿಗಳೆಲ್ಲ ಟೆಂಪೋದ ಸುತ್ತ ನಿಂತು, ಮುಖ ಮೇಲೆತ್ತಿ, ಸ್ಪೀಕರನ್ನೇ ಭಕ್ತಿಯಿಂದ ನೋಡತೊಡಗಿದವು.

ಹಿಂದಿನಿಂದ ಅತ್ತೆ ಓಡಿಬಂದಳು. ಏದುಸಿರು ಬಿಡುತ್ತಲೇ “ಹೊರ್‍ರ್ಯಾ” ಎಂದು ಕರೆದಳು. ಒಂದು ಕುರಿಯೂ ತಿರುಗಲಿಲ್ಲ. ಸ್ಪೀಕರಿನಲ್ಲಿ ಅವಳು ಅವಳಿಗಿಂತ ನೂರು ಪಟ್ಟು ಗಟ್ಟಿಯಾಗಿ ಕರೆಯುತ್ತಿದ್ದಳು. ಅತ್ತೆ ಬಾಯಿ ಮುಚ್ಚಿ ನಿಂತು ಹಾಡು ಕೇಳಿದಳು. ಬಾಲಾಜಿ ಗಾಬರಿಯಾಗಿ ಬಂದ್ ಮಾಡಿದ ಮೇಲೆ, ಊರು, ಬಳಗ ಎಲ್ಲ ಕೇಳುವ ಹಾಗೆ ನನ್ನನ್ನು ಕೇಳಿದಳು: “ಸಂಗ್ಯಾ, ಅದು ನನ್ನ ದನಿ ಅಲ್ಲೇನೋ?”

ಎಂಥ ಉತ್ತರ ಕೊಟ್ಟೆ ಎಂದು ಬರೆಯಲು ಕೈ ಬರುತ್ತಿಲ್ಲ. “ಹಾಂಗೇ ಕೇಳಿಸ್ತದ ಅತ್ತಿ” ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಊರೆಲ್ಲ ನಕ್ಕು ಮುಗಿಯುತ್ತಿತ್ತು. ನನ್ನ ಮುಖ ನೋಡಿ, “ಅಂದ್ರ ಅವತ್ತು ನೀವು ಫೋಟೊ ತಗೀಲಿಲ್ಲ?” ಎಂದಳು. ಅಷ್ಟೆ. ಕುರಿಗಳನ್ನು ಕೈಯಿಂದ ನೂಕಿಕೊಂಡು ಹೊರಟುಹೋದಳು. ಮದುವೆಯ ಊಟದಲ್ಲಿ ಹೋಳಿಗೆ ಬಡಿಸಿದರು. ಮೊಯಿಜ ತನ್ನ ಎಲೆಯನ್ನು ಮಡಚಿಬಿಟ್ಟ. ನಾನು ತಿಂದೆ; ಆದರೆ ತಲೆ ಎತ್ತದೆ ತಿಂದೆ.

ಯಾರೋ ಆ ಕುರಿಗಳ ಮೆರವಣಿಗೆಯ ವಿಡಿಯೊ ಮಾಡಿದ್ದರು. ಅದು ಫೋನಿಂದ ಫೋನಿಗೆ ಹಾರಿ ಹಾಡಿಗೆ ಇಮ್ಮಡಿ ಬೇಡಿಕೆ ಬಂತು. ಬಾಲಾಜಿ ಅಭಿನಂದನೆ ಹೇಳಲು ಫೋನು ಮಾಡಿದ. ನಾನು ಬೇಸರದ ದನಿಯಲ್ಲೇ ಮಾತಾಡಿದೆ. ಫೋನಿಟ್ಟ ಮೇಲೆ ಆ ವಿಡಿಯೊವನ್ನು ಮತ್ತೆ ನೋಡಿದೆ. ಕುರಿಗಳನ್ನು ನೋಡಲು ಅಲ್ಲ. ಟೆಂಪೋದಲ್ಲಿ ನಾನು ಕಾಣುತ್ತೇನೋ ಎಂದು.

ಸ್ವಲ್ಪ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಬಸ್ಸು ಹತ್ತಿ ನನ್ನ ಅಂಗಡಿಗೇ ಬಂದಳು. ಗಿರಾಕಿಗಳು ಕೂರುವ ಎತ್ತರದ ಕುರ್ಚಿಯಲ್ಲಿ ಕೂತಳು. ಎದುರಿಗೆ ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳು. ಮೊಯಿಜನೂ ಬಂದು ಬಾಗಿಲಿಗೆ ಒರಗಿ ನಿಂತ. ಅತ್ತೆ ಸಣ್ಣ ದನಿಯಲ್ಲಿ ಮಾತಾಡಿದಳು. ಅವಳಿಗೆ ಸಣ್ಣ ದನಿ ಒಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

“ಕುರಿ ಬರವಲ್ಲವೋ ಸಂಗ್ಯಾ. ದಿನಾ ಸಂಜಿಗಿ ರೋಡಿನ ಮ್ಯಾಲ ಡಿಜೆ ಹೋಗ್ತಾವ. ನಾನೇ ಕರದೇನಿ ಅಂತ ಅವು ಓಡಿ ಹೋಗ್ತಾವ, ಅಲ್ಲಿ ನಾ ಇರಂಗಿಲ್ಲ. ಹಿಂಗ ಮೋಸ ಹೋಗಿ ಹೋಗಿ ಈಗ ನಾ ಖರೇನೇ ಕರದ್ರೂ ತಲಿ ಎತ್ತಂಗಿಲ್ಲ. ಮೊನ್ನಿ ಒಂದು ಗಬ್ಬದ ಕುರಿ ಲಾರಿ ಕೆಳಗ ಹೋಗೋದಿತ್ತು, ಕಾಲ್ ಮುರದು ಉಳದದ. ಸಂತ್ಯಾಗ ಹುಡುಗರು ನನ್ನ ನೋಡಿ ಹೊರ್‍ರ್ಯಾ ಅಂತ ಒದರ್ತಾವ. ಅದಕ್ಕೇನೂ ನಾ ಅನ್ನಂಗಿಲ್ಲ. ಕುರಿ ನನ್ನ ನಂಬವಲ್ಲವು. ಅದು ನನಗ ತಡಿಯಂಗಿಲ್ಲ.” ಆಮೇಲೆ ಮೊಯಿಜನ ಕಡೆ ತಿರುಗಿ, “ಆ ಡಬ್ಬ್ಯಾಗ ಹಾಕೀರಿ ಅಲ್ಲ, ಅದನ್ನ ತಗದು ಕೊಡ್ರಪ್ಪಾ ನನಗ” ಎಂದಳು.

ಮೊಯಿಜ ಕಣ್ಣು ಒರೆಸಿಕೊಂಡ. “ಅಮ್ಮಾ, ಭಾಳ ಗಲತ್ ಮಾಡೀವ್ರಿ. ಈಗೇ, ನಿಮ್ಮ ಮುಂದೇ ಅಳಸ್ತೇನ್ರಿ” ಎಂದು ಯಂತ್ರ ತಂದು, ಅವಳ ದನಿಯನ್ನು ಅಳಿಸಿ, ಖಾಲಿ ಗುಂಡಿಯನ್ನು ಒತ್ತಿ ತೋರಿಸಿದ. ಸದ್ದು ಬರಲಿಲ್ಲ. ಅತ್ತೆ ತಾನೂ ಒಮ್ಮೆ ಒತ್ತಿ ನೋಡಿದಳು. “ಅಂದ್ರ ಮುಗೀತಲ್ಲ?” ಎಂದಳು.

ಆಗ ಬಾಗಿಲಲ್ಲಿ ಕಾಯುತ್ತಿದ್ದ ಗಿರಾಕಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. “ಹೊ...ರ್‍ರ್‍ರ್ಯಾ! ಹೊರ್‍ರ್ಯಾ ಬಾ ಬಾ ಬಾ ಬಾ!” ಆ ಪುಣ್ಯಾತ್ಮ ಅದನ್ನು ಬೇಗ ಎತ್ತಲೂ ಇಲ್ಲ. ಅತ್ತೆ ಅವನ ಜೇಬನ್ನೇ ನೋಡುತ್ತಿದ್ದಳು. ನಾನು ಗೋಡೆಯ ಮೇಲಿನ ಅಕ್ಷರಗಳನ್ನು ನೋಡಿದೆ. ಕೆಳಗಿನ ಸಾಲು ನನಗೇ ಕಾಣಲಿಲ್ಲ.

ಮರುದಿನದಿಂದ ನಾವಿಬ್ಬರೂ ಅಂಗಡಿ ಮುಚ್ಚಿ, ಹಾಡನ್ನು ವಾಪಸು ಕರೆಯಲು ಹೊರಟೆವು. ಬಾಲಾಜಿ ಒಳ್ಳೆಯ ಹುಡುಗ, ಕೂಡಲೇ ಅಳಿಸಿದ. “ಆದ್ರ ಸರ್, ಈಗ ಯಾರೂ ನಿಮ್ಮದು ಬಾರ್ಸಂಗಿಲ್ರಿ. ಉದಗೀರದವ್ರು ಅದರ ಮ್ಯಾಲ ಢೋಲಕ್ ಹಾಕಿ ಬ್ಯಾರೇನೇ ಮಾಡ್ಯಾರ. ನಿಮ್ಮದು ಸ್ವಲ್ಪ ಸ್ಲೋ ಇತ್ರಿ” ಎಂದ. ನಾಚಿಕೆಯ ನಡುವೆಯೂ ಆ ‘ಸ್ಲೋ’ ಎಂಬ ಮಾತು ನಮ್ಮಿಬ್ಬರಿಗೂ ಚುಚ್ಚಿತು. ಕಮಲನಗರದಲ್ಲಿ ಇನ್ನೂ ಕಷ್ಟವಾಯಿತು. ಅಲ್ಲಿನ ಡಿಜೆಯವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಈ ಹಾಡು ಮಾಡಿದಾವ ನಾಂದೇಡದಾಂವ ಅದಾನ್ರಿ. ನನಗ ಗೊತ್ತದ. ನೀವ್ಯಾರು?” ಎಂದ. ನಾನು ವಿಸಿಟಿಂಗ್ ಕಾರ್ಡ್ ತೆಗೆದೆ. ಅವನು ಮುಂದಿನ ಬದಿ ಓದಿ, “ಕನ್ನಡಕದಾವ್ರು” ಎಂದ. ಮೊಯಿಜ ಅಲ್ಲಿಯೇ ಮೇಜು ಬಡಿದು ತಾಳ ಹಾಕಿ, ಎಲ್ಲೆಲ್ಲಿ ಯಾವ ಸದ್ದು ಬರುತ್ತದೆ, ಯಾವುದು ಉಳಿ, ಯಾವುದು ಶಟರು ಎಂದು ವಾದಿಸಿದ. ಅಪರಾಧ ಮಾಡಿದವರು ನಾವೇ ಎಂದು ನಂಬಿಸಲು ಇಷ್ಟು ಕಷ್ಟಪಡಬೇಕಾದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಅವನು, ನಿಜವೋ ಕನಿಕರವೋ, ಔರಾದ್ ರೋಡಿನಲ್ಲಿ ಬಾರಿಸುವುದಿಲ್ಲ ಎಂದು ಮಾತು ಕೊಟ್ಟ.

ಹಾಡು ಹೀಗೆ ವಾಪಸು ಬರುವಂಥದ್ದಲ್ಲ ಎಂದು ನಾವು ಹೋಗಿ ಅತ್ತೆಗೆ ತಿಳಿಸಿದೆವು. ಅವಳು ದೊಡ್ಡಿಯಲ್ಲಿ ಕಾಲು ಮುರಿದ ಕುರಿಗೆ ಪಟ್ಟಿ ಕಟ್ಟುತ್ತಿದ್ದಳು. ಮೊಯಿಜ ಅದರ ತಲೆ ಹಿಡಿದುಕೊಂಡು, “ಅಮ್ಮಾ, ನೀವು ಹೇಳ್ರಿ, ಏನ್ ಮಾಡ್ಬೇಕು ಮಾಡ್ತೇವಿ” ಎಂದ. ಅತ್ತೆ ಗಂಟು ಬಿಗಿದು ಎದ್ದಳು.

“ಆ ದನಿ ನಿಮ್ಮ ಡಿಜೆದವ್ರಿಗೇ ಇರ್ಲಿ. ನಾ ಹೊಸಾದು ಕರೀತೇನಿ. ಕುರಿಗಿ ಅದು ರೂಢಿ ಆಗಬೇಕಂದ್ರ ಕರದಾಗೊಮ್ಮಿ ಬಾಯಾಗ ಏನರೇ ಬೀಳ್ಬೇಕು. ಐತ್ವಾರ ಐತ್ವಾರ ನೀವಿಬ್ರೂ ಬರ್ರಿ. ತೊಗರಿ ಹೊಟ್ಟು ಹೊತ್ತು ಒಡ್ಡಿಗಿ ಹಾಕ್ರಿ.”

“ಆಗ್ಲಿ ಅತ್ತಿ” ಎಂದೆ. ಎದೆ ಹಗುರಾಯಿತು.

“ತಡಿ. ಫೋನು ಈ ಬುಟ್ಟ್ಯಾಗ ಇಡ್ರಿ. ಹೊಟ್ಟು ಹಾಕಿ ಆ ಬೇವಿನ ಗಿಡದ ಕೆಳಗ ಹೋಗಿ ಕುಂದರ್ರಿ. ಕಿವ್ಯಾಗ ಇದನ್ನ ತುರಕ್ಕೋರಿ” ಎಂದು ಒಳಗಿನಿಂದ ಹತ್ತಿ ತಂದು ಉಂಡೆ ಮಾಡಿ ನಮ್ಮ ಕೈಗೆ ಹಾಕಿದಳು. ಮೊಯಿಜನ ಹತ್ತಿ ಸಣ್ಣದಾಯಿತೆಂದು ಇನ್ನಷ್ಟು ಸೇರಿಸಿದಳು.

ಆಮೇಲಿನ ಭಾನುವಾರಗಳೆಲ್ಲ ಹೀಗೇ ಕಳೆಯುತ್ತಿವೆ. ಸುವರ್ಣಾ ಇದನ್ನು ನಮ್ಮ ಸಂಗೀತಕ್ಕಿಂತ ಉಪಯೋಗದ ಕೆಲಸ ಎಂದು ಒಪ್ಪಿಕೊಂಡು ಬುತ್ತಿ ಕಟ್ಟಿಕೊಡುತ್ತಾಳೆ. ಅವಳು ಒಮ್ಮೆ ನಮ್ಮ ಜೊತೆ ಬಂದು ಅತ್ತೆಯ ಪಕ್ಕದಲ್ಲೇ ನಿಂತು ಹೊಸ ಕರೆಯನ್ನು ಕೇಳಿದಳು. ಹೇಗಿತ್ತು ಎಂದು ಕೇಳಿದರೆ, “ಭಾಳ ಛಲೋ ಅದಾರಿ” ಎಂದಳು, ಅಷ್ಟಕ್ಕೇ ನಿಲ್ಲಿಸಿದಳು. ಊರಿನವರೆಲ್ಲ ಕೇಳಿದ್ದಾರೆ. ಹೊಲದಾಚೆ ಹೋಗುವ ಅಪರಿಚಿತರೂ ಕೇಳುತ್ತಾರೆ. ಈ ಇಡೀ ಸೀಮೆಯಲ್ಲಿ ಅದನ್ನು ಕೇಳಬಾರದವರು ನಾವಿಬ್ಬರೇ, ಜಿಲ್ಲೆಯ ಮೊದಲ ಸ್ಯಾಂಪ್ಲಿಂಗ್ ಜೋಡಿ.

ಮೊದಮೊದಲು ಕುರಿಗಳು ಹೊಟ್ಟು ಕಂಡಷ್ಟೇ ಹೊತ್ತು ಬರುತ್ತಿದ್ದವು. ಹೋದ ಭಾನುವಾರ ಹೊಟ್ಟು ಹಾಕುವ ಮೊದಲೇ ಅತ್ತೆ ನಮ್ಮನ್ನು ಬೇವಿನ ಗಿಡದ ಕೆಳಗೆ ಕಳಿಸಿದಳು. ಹತ್ತಿ ತುರುಕಿಕೊಂಡು ಕೂತೆವು. ದೂರದಲ್ಲಿ ಅತ್ತೆ ಒಡ್ಡು ಹತ್ತಿದಳು, ಸೊಂಟದ ಮೇಲೆ ಕೈಯಿಟ್ಟಳು, ಬಾಯಿ ತೆರೆದಳು. ಗುಡ್ಡದ ಓರೆಯಲ್ಲಿ ಚೆದುರಿದ್ದ ಕುರಿಗಳು ಒಂದೊಂದಾಗಿ ತಲೆ ಎತ್ತಿದವು. ಒಂದು ಕ್ಷಣ ಅನುಮಾನದಿಂದ ನಿಂತವು. ಆಮೇಲೆ ಕುಂಟುವ ಕುರಿಯೂ ಸೇರಿ, ಎಲ್ಲವೂ ಒಂದೇ ಸಮನೆ ಅವಳ ಕಡೆ ಓಡಿದವು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುವುದು ಅಷ್ಟು ದೂರದಿಂದಲೂ ಕಂಡಿತು. ಮಾಡಿದ್ದಕ್ಕೆ ಇಷ್ಟಾದರೂ ತೀರಿತಲ್ಲ ಎಂದುಕೊಂಡು ಮೊಯಿಜನ ಕಡೆ ತಿರುಗಿದೆ. ಅವನು ಕಣ್ಣು ಮುಚ್ಚಿದ್ದ. ಅವನ ಬೆರಳು ಮೊಣಕಾಲ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. ಅವನ ಕಿವಿಯ ಹತ್ತಿ ಅವನ ಮಡಿಲಲ್ಲಿತ್ತು.

“ಥೂ, ಸ್ವಲ್ಪರೇ ಶರಮ್ ಅದಾ ಇಲ್ಲ ನಿನಗ?” ಎಂದು ಸಿಡುಕಿದೆ.

ಅವನು ಕಣ್ಣು ತೆರೆಯದೆ, ತುಟಿ ಅಲುಗಿದಂತೆ ಅಷ್ಟೇ, ಬಹಳ ಮೆಲ್ಲಗೆ ಕೇಳಿದ: “ನಡುವ ದನಿ ಹ್ಯಾಂಗ ಮುರದು ಮ್ಯಾಲ ಹೋತು, ಕೇಳ್ದಿ ಭೈ?”

ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂತ ಮನುಷ್ಯನಿಗೆ ಆ ಕರೆಯೂ ಈ ಪ್ರಶ್ನೆಯೂ ಕೇಳಿಸುವಂತಿರಲಿಲ್ಲ.

“ಹೂಂ” ಎಂದೆ.